ಡ್ರ್ಯಾಗನ್ ಬೋಟ್ ರೇಸಲ್ಲಿ ಎಂಥ ನೋಡ್ಲಿಕ್ಕುಂಟು?

ಪ್ರಶ್ನೆ: ಜೂನಲ್ಲಿ ಮಗಳ ಮನೆಗೆ ವ್ಯಾಂಕೂವರಿಗೆ ಹೋಗ್ಲಿಕ್ಕುಂಟು. ಅಲ್ಲಿ ಡ್ರ್ಯಾಗನ್ ಬೋಟ್ ಹಬ್ಬ ಆಗ್ತದಂತೆ, ರೇಸ್ ಜೊತೆಗೆ ಸ್ಟೇಜಲ್ಲಿ ಹಾಡು, ಡ್ಯಾನ್ಸ್ ಎಲ್ಲ ಇರ್ತದಂತೆ. ನನಗೆ ಟಿವಿಯಲ್ಲಿ ನೋಡಿದ ಆಲಪ್ಪುಳದ ದೋಣಿ ರೇಸ್ ಮಾತ್ರ ಗೊತ್ತು. ಇಡೀ ದಿನ ಕೂತು ನೋಡುವಂಥದ್ದು ಎಂಥ ಉಂಟು? ಮಂಡಿ ನೋವು ಬೇರೆ.
— ಓದುಗರೊಬ್ಬರು, ಕುಳೂರು, ಮಂಗಳೂರು

ಉತ್ತರ: ಖಂಡಿತ ಹೋಗಿ ಅಮ್ಮ, ಆದ್ರೆ ಸ್ಟೇಜಿಗಿಂತ ಮೊದಲು ನೀರಿನ ಹತ್ತಿರ ಹೋಗಿ. ಆಲಪ್ಪುಳದ ಚುಂಡನ್ ವಳ್ಳ ಅಂತ ಹೇಳುವ ಉದ್ದದ ದೋಣಿಯಲ್ಲಿ ನೂರರ ಹತ್ತಿರ ಜನ ಇರ್ತಾರೆ, ಡ್ರ್ಯಾಗನ್ ಬೋಟಲ್ಲಿ ಹುಟ್ಟು ಹಾಕುವವರು 20 ಜನ, ಇಬ್ಬಿಬ್ಬರ ಹಾಗೆ 10 ಸಾಲು, ಹಿಂದೆ ನಿಂತು ಉದ್ದದ ಹುಟ್ಟಲ್ಲಿ ದೋಣಿ ತಿರುಗಿಸುವವರು ಒಬ್ಬರು, ಎದುರು ಡೋಲು ಬಾರಿಸುವವರು ಒಬ್ಬರು, ಅವರು ಉಳಿದವರ ಮುಖ ನೋಡ್ಕೊಂಡು ಹಿಮ್ಮುಖ ಕೂತಿರ್ತಾರೆ. ನೀವು ಮೊದಲ ಸಾಲಿನ ಇಬ್ಬರ ಕೈಯನ್ನೇ ನೋಡಿ, ಇಡೀ ದೋಣಿಯ ತಾಳ ಅಲ್ಲಿಂದ ಶುರು. ಸೊಂಟದಿಂದ ಮೈ ತಿರುಗಿಸಿ ಮುಂದೆ ಬಾಗಿ 20 ಹುಟ್ಟೂ ಒಟ್ಟಿಗೆ ನೀರಿಗಿಳಿದ್ರೆ ದೋಣಿ ಚಿಮ್ತದೆ, ಎರಡು ಕೈ ತಡವಾದ್ರೂ ನೀರು ಎರಚಾಡುವುದು ದಡದಲ್ಲಿ ನಿಂತವರಿಗೇ ಕಾಣ್ತದೆ. 500 ಮೀಟರ್ ರೇಸ್ ಮುಗಿಯುವುದು ಎರಡು ಮೂರು ನಿಮಿಷದಲ್ಲಿ, ನಮ್ಮ ಕಂಬಳದ ಹಾಗೆ ಒಂದರ ಹಿಂದೆ ಒಂದು ಬಿಡ್ತಾ ಇರ್ತಾರೆ, ಮಧ್ಯೆ ಎದ್ದು ಹೋಗಿ ಬಂದ್ರೂ ಏನೂ ತಪ್ಪುವುದಿಲ್ಲ.

ಮೂಲ ಚೀನಾದ್ದು, ಐದನೇ ಚಾಂದ್ರಮಾಸದ ಐದನೇ ದಿನದ ಹಬ್ಬ, ನದಿಗೆ ಹಾರಿದ ಕವಿ ಚು ಯುವಾನ್‌ನನ್ನು ಹುಡುಕ್ಲಿಕ್ಕೆ ಜನ ದೋಣಿ ಇಳಿಸಿದ್ರು ಅಂತ ಕಥೆ. ವ್ಯಾಂಕೂವರಿಗೆ 1986ರ ಎಕ್ಸ್‌ಪೋ ಅನ್ನುವ ವಿಶ್ವಮೇಳದ ಹೊತ್ತಿಗೆ ಹಾಂಗ್‌ಕಾಂಗ್‌ನಿಂದ ತೇಗದ ದೋಣಿಗಳು ಬಂದದ್ದು.

ನೀವು ತಪ್ಪಿಸಬಾರದ್ದು ಇನ್ನೊಂದುಂಟು, ಗುಲಾಬಿ ಬಣ್ಣದ ಜೆರ್ಸಿಯ, ಸ್ತನ ಕ್ಯಾನ್ಸರ್ ದಾಟಿದ ಹೆಂಗಸರ ತಂಡ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದ್ರೆ ಆಮೇಲೆ ಕೈಗೆ ಜೋರು ಕೆಲಸ ಕೊಡಬಾರದು, ಕೈ ಊದ್ತದೆ ಅಂತಲೇ ಆಗ ಡಾಕ್ಟರುಗಳು ಹೇಳ್ತಿದ್ದದ್ದು. ಅಲ್ಲಿನ ಯೂನಿವರ್ಸಿಟಿಯ ಡಾ. ಡಾನ್ ಮೆಕೆಂಝಿ ಅದನ್ನು ಪರೀಕ್ಷೆ ಮಾಡಿಯೇ ಬಿಡುವ ಅಂತ 1996ರಲ್ಲಿ ಕ್ಯಾನ್ಸರ್ ದಾಟಿದ 24 ಹೆಂಗಸರನ್ನು ತರಬೇತಿ ಕೊಟ್ಟು ಇದೇ ದೋಣಿಗೆ ಹತ್ತಿಸಿದ್ರು, ಒಬ್ಬರಿಗೂ ಹೊಸದಾಗಿ ಕೈ ಊದ್ಲಿಲ್ಲ. ಈಗ ಅಂಥ ತಂಡಗಳು ಎಷ್ಟೋ ದೇಶಗಳಲ್ಲಿ ಉಂಟು. ಬಟ್ಟೆ ಹಿಂಡಬೇಡ, ಕೊಡಪಾನ ಎತ್ತಬೇಡ ಅಂತ ಮೂಲೆಯಲ್ಲಿ ಕೂರಿಸಿದ ಹೆಂಗಸರು ನಮ್ಮ ಊರಲ್ಲೂ ಇದ್ದಾರಲ್ಲ, ಅವರಿಗೆ ಇದು ಗೊತ್ತಾಗ್ಬೇಕು. ಆದ್ರೆ ಅವರವರ ಡಾಕ್ಟರ ಹತ್ತಿರ ಕೇಳಿಯೇ ಶುರು ಮಾಡ್ಬೇಕು ಅಷ್ಟೆ.

ಮಂಡಿ ನೋವಿಗೆ ಮಡಚುವ ಕುರ್ಚಿ ತಕ್ಕೊಂಡು ಹೋಗಿ. ಹಬ್ಬ ಆಗುವ ಫಾಲ್ಸ್ ಕ್ರೀಕ್‌ಗೆ ಸ್ಕೈಟ್ರೈನ್ ಉಂಟು, ಸೈನ್ಸ್ ವರ್ಲ್ಡ್ ಸ್ಟೇಷನಲ್ಲಿ ಇಳಿಯುವುದು. ಜೂನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರ್ತದೆ, ಆದ್ರೆ ನೀರಿನ ಕಡೆಯಿಂದ ಚಳಿಗಾಳಿ, ಸ್ವೆಟರ್ ಇರ್ಲಿ. ಎಲೆಯಲ್ಲಿ ಕಟ್ಟಿದ ಅಂಟಕ್ಕಿ ತಿಂಡಿ ಕಂಡ್ರೆ ಒಳಗೆ ಎಂಥ ಹಾಕಿದ್ದಾರೆ ಅಂತ ಕೇಳಿ ತಿನ್ನಿ, ಹಂದಿಮಾಂಸ ಹಾಕುವುದುಂಟು. ಗುಲಾಬಿ ತಂಡದ ರೇಸ್ ಎಷ್ಟೊತ್ತಿಗೆ ಅಂತ ಮಗಳ ಹತ್ತಿರ ಮೊದಲೇ ನೋಡಿಸಿ, ಹಾಡಿಗೆ ಅದು ಮುಗಿದ ಮೇಲೆ ಹೋದ್ರಾಯ್ತು.