ರೈಲು ನಿಲ್ಲಿಸದೆ ಹಳಿಯ ಕೆಳಗೆ ಸುರಂಗ ಮಾಡುವುದು ಹೇಗೆ?

ಸ್ಟೇಷನ್‌ನಲ್ಲಿ ರೈಲು ಓಡುತ್ತಿರುವಾಗಲೇ ಹಳಿಗಳ ಕೆಳಗೆ ಪಾದಚಾರಿ ಸುರಂಗ ಹೇಗೆ ಮಾಡುತ್ತಾರೆ ಅಂತ ಕೇಳಿದ್ದೀರಿ, ಅಲ್ವಾ? ಮೇಲಿಂದ ಅಗೆಯಲೇಬೇಕು ಅಂತಿಲ್ಲ, ಪಕ್ಕದಿಂದ ನೂಕಬಹುದು. ನಮ್ಮ ರೈಲ್ವೆಯಲ್ಲಿ ಇದಕ್ಕೆ ಬಾಕ್ಸ್ ಪುಶಿಂಗ್ ಅಂತಾರೆ. ಹಳಿಯ ಪಕ್ಕ ದೊಡ್ಡ ಗುಂಡಿ ತೋಡಿ, ಅದರಲ್ಲೇ ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ದು, ಹಿಂದೆ ಹೈಡ್ರಾಲಿಕ್ ಜ್ಯಾಕ್ ಇಟ್ಟು ನೂಕುತ್ತಾರೆ. ಪೆಟ್ಟಿಗೆಯ ಮುಂದಿನ ತುದಿಗೆ ಚೂಪಾದ ಉಕ್ಕಿನ ಅಂಚು ಇರುತ್ತದೆ, ಅದರೊಳಗಿಂದ ಸ್ವಲ್ಪ ಮಣ್ಣು ತೆಗೆಯುವುದು, ಸ್ವಲ್ಪ ನೂಕುವುದು, ಮತ್ತೆ ತೆಗೆಯುವುದು. ಅಷ್ಟು ದಿನ ಹಳಿಗೆ ತಾತ್ಕಾಲಿಕ ಗರ್ಡರ್ (ಉಕ್ಕಿನ ತೊಲೆ) ಆಸರೆ ಕೊಟ್ಟು ರೈಲುಗಳನ್ನು ನಿಧಾನವಾಗಿ ಬಿಡುತ್ತಾರೆ.

ಮಣ್ಣು ಸಡಿಲವಾಗಿದ್ದರೆ ಕಷ್ಟ ಜಾಸ್ತಿ. ಅಮೆರಿಕದ ಬಾಸ್ಟನ್‌ನ ಸೌತ್ ಸ್ಟೇಷನ್ ಹತ್ತಿರ ಹಳಿಗಳ ಕೆಳಗೆ ಹೆದ್ದಾರಿ ಸುರಂಗವನ್ನು ಹೀಗೇ ನೂಕಿದಾಗ, ನೆಲದಲ್ಲಿ ಪೈಪ್ ಇಳಿಸಿ, ಸೊನ್ನೆ ಡಿಗ್ರಿಗಿಂತ ತಣ್ಣಗಿನ ಉಪ್ಪುನೀರು ಹರಿಸಿ ಮಣ್ಣನ್ನೇ ಹೆಪ್ಪುಗಟ್ಟಿಸಿದ್ದರು. ನನಗಂತೂ ಅದು ಅದ್ಭುತ ಕೆಲಸ. ಆದರೆ ಹೆಪ್ಪುಗಟ್ಟಿದ ಮಣ್ಣು ಉಬ್ಬುತ್ತದೆ, ಹಳಿ ಮೇಲೇಳುತ್ತದೆ, ಅದನ್ನು ಅಳೆದು ಸರಿಮಾಡುತ್ತಲೇ ಇರಬೇಕು.

ನಿಮ್ಮೂರಿನಲ್ಲಿ ಇಂಥ ಸುರಂಗದ ಯೋಜನೆ ಇದ್ದು ಅದರ ನಕ್ಷೆ ಸಿಕ್ಕರೆ, ಮೊದಲು ಮಳೆನೀರು ಹೊರಹಾಕುವ ವ್ಯವಸ್ಥೆ ನೋಡಿ. ಮೆಟ್ಟಿಲಿನ ಬಾಯಿ ರಸ್ತೆಗಿಂತ ಎತ್ತರ ಇದೆಯಾ, ಒಳಗೆ ಬಂದ ನೀರು ಸೇರುವ ಗುಂಡಿ (ಸಂಪ್) ಎಲ್ಲಿದೆ, ಕರೆಂಟ್ ಹೋದಾಗ ಪಂಪ್ ಓಡುತ್ತದಾ ಅಂತ ಕೇಳಿ.