ಹಸಿರು ಸೀರೆ ಆ ಗಂಟಿನದಲ್ಲ

ಈ ವಾರ ಒಂದು ಪತ್ರ ಓದುತ್ತಾ ಕೂತು ನನ್ನ ಚಹಾ ಆರಿಹೋಯಿತು. ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಬರೆದವರು ಪುಣೆಯ ಚಿಂಚ್ವಡದಲ್ಲಿರುವ 38 ವರ್ಷದ ಗೃಹಿಣಿ. ತವರು ಬಾಗಲಕೋಟೆ ಕಡೆ, ಗಂಡನ ಊರು ವಿಜಯಪುರ. ಕಳೆದ ಫೆಬ್ರವರಿಯಲ್ಲಿ ಅತ್ತೆ ತೀರಿಕೊಂಡರು. ದೀಪಾವಳಿಗೆ ಊರಿಗೆ ಹೋದಾಗ ನಾದಿನಿ ತಾಯಿಯ ಟ್ರಂಕ್ ತೆಗೆದು 14 ಸೀರೆಗಳ ಗಂಟು ಕಟ್ಟಿ ಕಾರಿನ ಡಿಕ್ಕಿಯಲ್ಲಿ ಇಟ್ಟುಬಿಟ್ಟರು. ಅವ್ವನ ನೆನಪಿಗೆ ನಾಲ್ಕು ಮೊಮ್ಮಕ್ಕಳಿಗೆ ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ನಾಲ್ಕು ಕೌದಿ ಬೇಕಂತೆ, ಅದೂ ವರ್ಷದ ಕಾರ್ಯದೊಳಗೆ. "ವೈನಿ, ನಿಮ್ಮ ಕೈಯಾಗ ಛಲೋ ಬರ್ತದ" ಅಂದರಂತೆ. ಇವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಗಂಡ, "ಆಕಿ ಹೊಲಿತಾಳ ಬಿಡು, ಮಷಿನ್ ಸುಮ್ನ ಬಿದ್ದೈತಿ" ಅಂದರು.

ಈಗ ಮೆಷಿನ್ ಕೈಕೊಟ್ಟಿದೆ. ಮೂರು ಸೂಜಿ ಮುರಿದಿವೆ. ಬಟ್ಟೆಯ ಕೆಳಗೆ ದಾರ ಗಂಟು ಗಂಟಾಗಿ ಕೂರುತ್ತದೆ. ಚಕ್ರ ತಿರುಗಿಸಲು ಎರಡೂ ಕೈ ಬೇಕು. ಅರ್ಧ ಕೌದಿಯೂ ಆಗಿಲ್ಲ, ನಾದಿನಿಯ ಫೋನ್ ಮಾತ್ರ ದಿನಾ ಬರುತ್ತಿದೆ. ಇವರ ಪ್ರಶ್ನೆ ಎರಡು. ಹೊಸ ಮೆಷಿನ್ ತಗೊಳ್ಳಲೇ? ಈ ಕೆಲಸ ನನ್ನಿಂದ ಆಗಲ್ಲ ಅಂದರೆ ಸತ್ತ ಅತ್ತೆಗೆ ಅವಮಾನ ಮಾಡಿದ ಹಾಗೆ ಆಗುತ್ತದಾ?

ಮೊದಲು ಮೆಷಿನ್ನಿನ ಮಾತು ಮುಗಿಸೋಣ, ಅದು ಸುಲಭ. ಹೊಸದು ತಗೋಬೇಡಿ. ಕೆಳಗೆ ಗಂಟು ಬಂತು ಅಂದರೆ ಎಲ್ಲರೂ ಕೆಳದಾರದ ಬಾಬಿನ್ ಬಿಚ್ಚಿಕೊಂಡು ಕೂರುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದಲ್ಲಿರುತ್ತದೆ. ಬಟ್ಟೆ ಒತ್ತಿ ಹಿಡಿಯುವ ಫುಟ್ ಎತ್ತಿಟ್ಟು ದಾರ ಪೋಣಿಸಬೇಕು. ಫುಟ್ ಕೆಳಗಿದ್ದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ. ದಾರ ಅವುಗಳ ನಡುವೆ ಕೂರದೆ ಮೇಲೇ ಜಾರುತ್ತದೆ. ಬಿಗಿಯಿಲ್ಲದ ದಾರ ಕೆಳಗೆ ಹೋಗಿ ರಾಶಿ ಬೀಳುತ್ತದೆ, ಅಷ್ಟೇ. ಸೂಜಿಯ ಕಥೆಯೂ ಹಾಗೇ. ನೀವು ಹಾಕಿರುವುದು ಬ್ಲೌಸ್ ಹೊಲಿಯುವ 14 ನಂಬರ್. ಎಂಟು ಪದರದ ಹಳೆ ಸೀರೆಯನ್ನು ಅದರ ಕೆಳಗೆ ತುರುಕಿದರೆ ಮುರಿಯದೆ ಇನ್ನೇನು ಮಾಡುತ್ತದೆ? 18 ನಂಬರ್ ಹಾಕಿದರೆ ಮುರಿಯುವುದು ಕಡಿಮೆಯಾಗಬಹುದು. ಆದರೂ ಮನೆ ಮೆಷಿನ್ನಿನ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಕೌದಿ ಸುಕ್ಕು ಸುಕ್ಕಾಗುವುದು ಅದಕ್ಕೇ. ಹೊಲಿಗೆ ಬರದೆ ಅಲ್ಲ.

ಇನ್ನು ಚಕ್ರ ಗಟ್ಟಿಯಾದದ್ದು. ಅದರ ಉತ್ತರ ನಿಮ್ಮ ಪತ್ರದಲ್ಲೇ ಇದೆ. "ಮೆಷಿನ್ ಎಣ್ಣೆ ಮುಗಿದಿತ್ತು, ನಮ್ಮ ಮನೆಯವರೇ ಕೊಬ್ಬರಿ ಎಣ್ಣೆ ಬಿಟ್ಟುಕೊಟ್ಟರು" ಅಂತ ಬರೆದಿದ್ದೀರಿ, ಅದೂ ಮೆಚ್ಚಿಕೊಂಡು! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ಬೆಳಗ್ಗೆ 12 ಡಿಗ್ರಿ ಇರುವುದು ಮಾಮೂಲು. ತಲೆಗೆ ಹಚ್ಚಲು ಬಾಟಲಿಯನ್ನು ಬಿಸಿಲಿಗಿಡುವ ನೀವು, ಮೆಷಿನ್ನಿನ ಒಳಗೆ ಅದು ಏನಾಗಿರಬಹುದು ಅಂತ ಯೋಚಿಸಲಿಲ್ಲವಾ? ಹೆಪ್ಪು ಕರಗಿದರೂ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಮೆಕ್ಯಾನಿಕ್ ಕರೆಸಿ. ಅವನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಸರಿಯಾದ ಎಣ್ಣೆ ಹಾಕಿಕೊಡುತ್ತಾನೆ.

ಇಷ್ಟು ಹೇಳಿ ಪತ್ರ ಮಡಚಿಡಬಹುದಿತ್ತು. ಆದರೆ ಎರಡನೇ ಪುಟದ ಕೊನೆಗೆ ಒಂದು ಸಾಲು ಇದೆ. ನೀವು ಅದನ್ನು ಹಾಗೇ ದಾಟಿಸಿಬಿಟ್ಟಿದ್ದೀರಿ. "14ರಲ್ಲಿ ಒಂದು ನನ್ನ ಕುಬಸದ ಹಸಿರು ಇಳಕಲ್ ಸೀರೆ, ಅತ್ತೆ ಉಡುತ್ತೇನೆ ಅಂತ ಇಸಿದುಕೊಂಡಿದ್ದರು, ಅದನ್ನು ಕೊನೆಗೆ ಹೊಲಿಯೋಣ ಅಂತ ಗಂಟಿನ ಅಡಿಗೆ ಇಟ್ಟಿದ್ದೇನೆ."

ತಂಗೀ, ಇದು ಅಡಿಗೆ ಇಡುವ ಮಾತಾ?

ಕುಬಸ ಅಂದರೆ ಸೀಮಂತ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದ ಸೀರೆ ಅದು. ನಿಮ್ಮ ಮಗನಿಗೆ ಈಗ 12 ವರ್ಷ ಅಂತೀರಿ. ಅಂದರೆ 12 ವರ್ಷ ಆ ಸೀರೆ ನಿಮ್ಮ ಕೈಗೆ ಬಂದಿಲ್ಲ. ಇನ್ನೊಂದು ಕಡೆ ನೀವೇ ಬರೆದಿದ್ದೀರಿ, ಅತ್ತೆ ಕೊನೆಯವರೆಗೂ ಹದಿನೆಂಟು ಮೊಳದ ಸೀರೆ ಕಚ್ಚೆ ಹಾಕಿಯೇ ಉಡುತ್ತಿದ್ದರು ಅಂತ. ನಿಮ್ಮದು ಆರು ಗಜದ್ದು, ಹನ್ನೆರಡೇ ಮೊಳ. ಅದನ್ನು ಅವರು ಹೇಗೆ ಉಡಲು ಸಾಧ್ಯ? ಉಟ್ಟಿಲ್ಲ. ಮಡಿಕೆ ಬಿಚ್ಚಿ ನೋಡಿ, ನೀವು ಉಟ್ಟ ಆ ಒಂದು ದಿನ ಬಿಟ್ಟರೆ ಅದು ಹೊಸದಾಗಿಯೇ ಇರುತ್ತದೆ. ಯಾಕೆ ಇಟ್ಟುಕೊಂಡರು? ಆಸೆಗೋ, ಹಠಕ್ಕೋ, ಮೊಮ್ಮಗನ ನೆನಪಿಗೋ. ಕೇಳೋಣ ಅಂದರೆ ಅವರಿಲ್ಲ.

ಎರಡು ತಿಂಗಳಿಂದ ನಿಮ್ಮ ಕೈ ಯಾಕೆ ಓಡುತ್ತಿಲ್ಲ ಅನ್ನುವುದು ನನಗಂತೂ ಗೊತ್ತಾಯಿತು. ಒಂದೊಂದು ಸೀರೆ ಮುಗಿದ ಹಾಗೆ ಕತ್ತರಿ ಆ ಹಸಿರಿನ ಹತ್ತಿರ ಬರುತ್ತಿದೆ.

ಹೊಲಿಗೆಯ ಲೆಕ್ಕದಲ್ಲೂ ಅದು ಕೌದಿಗೆ ಬರುವ ಬಟ್ಟೆಯಲ್ಲ. ಕೌದಿಗೆ ಬೇಕಾದದ್ದು ನೂರು ಸಲ ಒಗೆದು ಮೆತ್ತಗಾದ ಹತ್ತಿ. ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಬಣ್ಣ ಬಿಟ್ಟರೆ ಪಕ್ಕದ ತುಂಡುಗಳೂ ಹಸಿರಾಗುತ್ತವೆ. ಅಲ್ಲದೆ ಇಳಕಲ್ ನೇಕಾರರು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅಷ್ಟು ತಾಳ್ಮೆಯಿಂದ ಕೂಡಿಸಿದ್ದನ್ನು ಗೇಣುದ್ದ ಚೌಕ ಮಾಡಿ ಕತ್ತರಿಸಲು ನನಗಂತೂ ಮನಸ್ಸು ಬರುವುದಿಲ್ಲ.

ನಾದಿನಿಯನ್ನು "ಬಹಳ ಜೋರು" ಅಂತ ಬರೆದಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ. ಡಾಂಬರ್ ಗುಳಿಗೆಯ ವಾಸನೆಯ ಆ ಟ್ರಂಕನ್ನು ಒಬ್ಬಳೇ ತೆಗೆದವಳು ಅವಳು. ಅವ್ವನ ಸೀರೆಗಳನ್ನು ಏನಾದರೂ ಮಾಡಬೇಕು, ಮಾಡಲು ಬರಲ್ಲ. ಬರುವವರ ಕೈಗೆ ಕೊಟ್ಟಳು. ಹಸಿರು ಸೀರೆಯ ಕಥೆ ಅವಳಿಗೆ ಗೊತ್ತಿರುವ ಸಾಧ್ಯತೆಯೂ ಕಡಿಮೆ. ದಿನಾ ಫೋನ್ ಮಾಡುವುದು ಕೌದಿಗೇ ಇರಲಿಕ್ಕಿಲ್ಲ. ಅವ್ವನ ಫೋನ್ ಬರುತ್ತಿದ್ದ ಹೊತ್ತು ಯಾವುದು ಅಂತ ಒಮ್ಮೆ ಕೇಳಿ ನೋಡಿ.

ನನ್ನ ಸಿಟ್ಟೆಲ್ಲ ನಿಮ್ಮ ಯಜಮಾನರ ಮೇಲೆ. ಈ ಅಂಕಣದ ಹಳೆ ಓದುಗರಿಗೆ ನನ್ನ ಹಾಡು ಬಾಯಿಪಾಠ: ಹೆಂಡತಿಯ ಕೈಯನ್ನು ಗಂಡ ಕಡ ಕೊಡಬಾರದು. ಚಕ್ಕಲಿ ಮಾಡಿಕೊಡ್ತಾಳೆ, ಹೊಲಿದುಕೊಡ್ತಾಳೆ, ನೆಂಟರನ್ನು ವಾರ ಇಟ್ಟುಕೊಳ್ತಾಳೆ. ಒಪ್ಪಿಕೊಂಡ ಹೆಸರು ಅವರಿಗೆ, ಬೆನ್ನುನೋವು ಇವಳಿಗೆ. ಸತ್ತದ್ದು ಅವರ ತಾಯಿ. ಮಗ ಇದ್ದಾರೆ, ಮಗಳು ಇದ್ದಾಳೆ. ಸೂಜಿ ಮಾತ್ರ ಸೊಸೆಯ ಕೈಯಲ್ಲಿ!

ಕೌದಿ ಒಬ್ಬರೇ ಕೂತು ಮಾಡುವ ಕೆಲಸವೂ ಅಲ್ಲ. ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಾಸಿ, ನಾಲ್ಕು ಕಡೆ ನಾಲ್ವರು ಹೆಂಗಸರು ಕೂರುತ್ತಿದ್ದರು. ದಬ್ಬಣದಂಥ ಸೂಜಿ, ದಪ್ಪ ದಾರ, ಕೆಳಗಿನ ಪದರಕ್ಕೆ ಅಜ್ಜನ ಹಳೆ ಧೋತ್ರ. ಹೊಲಿಗೆಗಿಂತ ಮಾತೇ ಜಾಸ್ತಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಈಗಲೂ ಕೈಯಲ್ಲೇ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಿಮ್ಮ ಪುಣೆಯಲ್ಲೇ ಕೌದಿಗೆ ಮರಾಠಿಯಲ್ಲಿ ಗೋಧಡಿ ಅಂದರೆ ಸಾಕು, ಆರ್ಡರ್ ತಗೊಂಡು ಹೊಲಿದುಕೊಡುವ ಬಾಯಂದಿರು ಸಿಗುತ್ತಾರೆ. ಅವರನ್ನು ಹುಡುಕುವುದು, ದುಡ್ಡು ಕೊಡುವುದು, ವಿಜಯಪುರಕ್ಕೆ ಫೋನ್ ಮಾಡಿ ಹೇಳುವುದು, ಎಲ್ಲ ಅಣ್ಣ ತಂಗಿಯರ ಕೆಲಸ. ಅತ್ತೆಗೆ ಅವಮಾನದ ಮಾತು ಇಲ್ಲಿ ಎಲ್ಲೂ ಬರುವುದಿಲ್ಲ.

ನಿಮಗೆ ನಾನು ಹೇಳುವ ಕೆಲಸ ಒಂದೇ. ಇವತ್ತೇ ಗಂಟು ಬಿಚ್ಚಿ. ಅಡಿಯಿಂದ ಹಸಿರು ಸೀರೆ ತೆಗೆದು ನಿಮ್ಮ ಕಪಾಟಿನಲ್ಲಿಡಿ. ಯಾರನ್ನೂ ಕೇಳಬೇಡಿ, ಯಾರಿಗೂ ಕಾರಣ ಬರೆದು ಕಳಿಸಬೇಡಿ. ನಾದಿನಿ ಕೇಳಿದರೆ "ಅದು ನನ್ನ ಕುಬಸದ್ದು" ಅನ್ನಿ, ಅವಳೂ ಹೆಣ್ಣುಮಗಳೇ, ಮುಂದೆ ಕೇಳಲ್ಲ. ಉಳಿದ 13ನ್ನು ಮತ್ತೆ ಗಂಟು ಕಟ್ಟಿ ಯಜಮಾನರು ಆಫೀಸಿನಿಂದ ಬಂದು ಕೂರುವ ಸೋಫಾದ ಮೇಲೆ ಇಡಿ. ಅವರು ಕೂರಲು ಜಾಗ ಇರಬಾರದು.

ಹಾಂ, ಮೆಕ್ಯಾನಿಕ್ ದುಡ್ಡು ಮಾತ್ರ ಅವರ ಜೇಬಿನಿಂದ. ಕೊಬ್ಬರಿ ಎಣ್ಣೆ ಬಿಟ್ಟವರು ಅವರೇ ಅಲ್ವಾ.