ಬಾವಲಿ ಮುಟ್ಟುವ ಮುಂಚೆ ಲಸಿಕೆ ಹಾಕಿಸಿಕೊಳ್ಳಿ

ಇಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ಬರುತ್ತಿದ್ದೇನೆ, ವನ್ಯಜೀವಿ ಮತ್ತು ಹವಾಮಾನ ಬದಲಾವಣೆ ಎರಡೂ ಸೇರಿದ ಕೆಲಸ ಸಿಗುತ್ತಾ, ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಕೆಲಸ ಖಂಡಿತ ಇದೆ. ಆದರೆ ಮೊದಮೊದಲು ಕೈಗೆ ಸಿಗುವ ಕೆಲಸ ಬೇರೆ.

ನಾನು ಎರಡು ವರ್ಷ ಸ್ಪಾಟರ್ ಕ್ಯಾಚರ್ ಆಗಿದ್ದೆ. ರಸ್ತೆಗೋ ಬಡಾವಣೆಗೋ ಮರ ಕಡಿಯುವ ಮುಂಚೆ ಪೊಟರೆಗಳನ್ನೆಲ್ಲ ನೋಡಿ, ಒಳಗಿರುವ ಪ್ರಾಣಿಯನ್ನು ಜೋಪಾನವಾಗಿ ಹೊರಗೆ ತರುವ ಕೆಲಸ. ಒಂದು ಸಲ ಶುಗರ್ ಗ್ಲೈಡರ್ ಸಿಕ್ಕಿತು, ಮರದಿಂದ ಮರಕ್ಕೆ ತೇಲಿಕೊಂಡು ಹೋಗುವ ಪುಟ್ಟ ಪ್ರಾಣಿ. ಬಟ್ಟೆ ಚೀಲದಲ್ಲಿ ಹಿಡಿದುಕೊಂಡಿದ್ದೆ, ಅದರ ಎದೆಬಡಿತ ನನ್ನ ಅಂಗೈಗೆ ತಾಗುತ್ತಿತ್ತು. ಅಷ್ಟರಲ್ಲಿ ಹಿಂದೆ ಅದರ ಮರ ಉರುಳಿತು. ಆ ರಾತ್ರಿ ತುಂಬಾ ಅತ್ತೆ. ಆದರೂ ಪ್ರಾಣಿಯನ್ನು ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನೋದನ್ನು ಕಲಿತದ್ದು ಅಲ್ಲೇ. ಕಾಂಟ್ರಾಕ್ಟ್ ಮೂರು ತಿಂಗಳಿಗೆ, ಆರು ತಿಂಗಳಿಗೆ ಮುಗಿದುಹೋಗುತ್ತೆ. ಅದಕ್ಕೆ ಸ್ವಲ್ಪ ದುಡ್ಡು ಕೂಡಿಟ್ಟುಕೊಂಡೇ ಬನ್ನಿ. ಗೇರ್ ಗಾಡಿ ಓಡಿಸೋದು ಚೆನ್ನಾಗಿ ಕಲಿತಿರಿ.

ಇನ್ನು ಹವಾಮಾನದ ವಿಷಯ. 2018ರ ನವೆಂಬರ್‌ನಲ್ಲಿ ಇಲ್ಲಿನ ಕೇರ್ನ್ಸ್ ನಗರದಲ್ಲಿ ಬಿಸಿಲು 42 ಡಿಗ್ರಿ ದಾಟಿತು. ಆ ಬಿಸಿಗಾಳಿಗೆ ಸುಮಾರು 23,000 ಸ್ಪೆಕ್ಟಕಲ್ಡ್ ಫ್ಲೈಯಿಂಗ್ ಫಾಕ್ಸ್‌ಗಳು ಸತ್ತವು. ಕಣ್ಣಿನ ಸುತ್ತ ತಿಳಿಬಣ್ಣದ ಕೂದಲಿರುವ ದೊಡ್ಡ ಬಾವಲಿ ಇದು. ಆಸ್ಟ್ರೇಲಿಯಾದಲ್ಲಿದ್ದ ಅವುಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಆಗ ಹೋಯಿತು.

ಬಿಸಿ ಏರುವಾಗ ಅವು ಮೊದಲು ರೆಕ್ಕೆ ಬೀಸಿಕೊಳ್ಳುತ್ತವೆ. ಆಮೇಲೆ ನೆರಳು ಹುಡುಕುತ್ತವೆ, ಏದುಸಿರು ಬಿಡುತ್ತವೆ, ಮೈ ನೆಕ್ಕಿ ಒದ್ದೆ ಮಾಡಿಕೊಳ್ಳುತ್ತವೆ. ಕೊನೆಗೆ ಕಾಂಡದ ಕೆಳಗೆ ಇಳಿದು ಒಂದರ ಮೇಲೊಂದು ಗುಂಪು ಕಟ್ಟುತ್ತವೆ. ಸತ್ತ ತಾಯಿಯ ಎದೆಗೆ ಮರಿ ಹಾಗೇ ಕಚ್ಚಿಕೊಂಡಿರುತ್ತೆ. ನೋಡಿದರೆ ಓಡಿಹೋಗಿ ಎತ್ತಿಕೊಳ್ಳೋಣ ಅನ್ನಿಸುತ್ತೆ, ಅಲ್ವಾ? ಆದರೆ ಸುಮ್ನೆ ಒಳಗೆ ನುಗ್ಗಿದರೆ ಬದುಕಿರುವವು ಹೆದರಿ ಹಾರಿ ಇನ್ನೂ ದಣಿಯುತ್ತವೆ. ಯಾವಾಗ ಹತ್ತಿರ ಹೋಗಬೇಕು, ಯಾವಾಗ ದೂರ ನಿಲ್ಲಬೇಕು ಅನ್ನೋದು ತಿಂಗಳುಗಟ್ಟಲೆ ಅವುಗಳ ಜೊತೆ ಕಳೆದವರಿಗೇ ಗೊತ್ತಾಗೋದು.

ಕ್ಲೈಮೇಟ್ ಅಡಾಪ್ಟೇಷನ್ (ಬದಲಾಗುವ ಹವಾಮಾನಕ್ಕೆ ಹೊಂದಿಕೊಳ್ಳುವುದು) ಅಂತ ಕಾಗದದಲ್ಲಿ ಬರೆಯುವುದು ನಮ್ಮ ಕೆಲಸದಲ್ಲಿ ಹೀಗಿರುತ್ತೆ: ಬಾವಲಿಗಳು ತಂಗುವ ಜಾಗದಲ್ಲಿ ಮರಗಳ ಕೆಳಗೆ ಗಿಡ ನೆಟ್ಟು ನೆರಳು ಬೆಳೆಸುವುದು, ಸಂಜೆ ಹಾರಿ ಹೊರಡುವಾಗ ಅವು ಎಷ್ಟಿವೆ ಅಂತ ಲೆಕ್ಕ ಹಾಕುವುದು, ಬೇಸಿಗೆ ಬರುವ ಮುಂಚೆಯೇ ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡಿಡುವುದು. ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಲು ಬಂದರೆ ಒಳ್ಳೆಯದೇ. ಆದರೆ ನಾನು ಜೊತೆಗೆ ಕರೆದುಕೊಳ್ಳೋದು ಸಂಜೆಯ ಲೆಕ್ಕವನ್ನು ತಪ್ಪಿಸದೆ ಮಾಡಿದವರನ್ನು.

ಒಂದು ಮಾತು ಮರೆಯಬೇಡಿ. ಇಲ್ಲಿನ ಕೆಲವು ಬಾವಲಿಗಳಲ್ಲಿ ರೇಬೀಸ್ ಜಾತಿಯದೇ ಲಿಸಾವೈರಸ್ ಇರುತ್ತೆ. ರೇಬೀಸ್ ಲಸಿಕೆ ಆಗದವರನ್ನು ಬಾವಲಿ ಮುಟ್ಟಲು ಬಿಡುವುದಿಲ್ಲ. ಅದು ಪೂರ್ತಿಯಾಗಲು ವಾರಗಳು ಹಿಡಿಯುತ್ತೆ. ಹೊರಡುವ ಮುಂಚೆಯೇ ಹಾಕಿಸಿಕೊಂಡು, ಸರ್ಟಿಫಿಕೇಟ್ ಜೊತೆಗೇ ತನ್ನಿ.